ಏಳನೇ ಸಾಲಿನ ಕಿಟಕಿ

12 ಆಗಸ್ಟ್ 2024, ಸೋಮವಾರ
ನಿಲಾಯ್, ಮಲೇಷ್ಯಾ

ಈ ನೋಟ್‌ಬುಕ್ಕನ್ನು ಶರಲ್ ತಂದುಕೊಟ್ಟು ಎರಡು ತಿಂಗಳಾಯಿತು. "ಪಪ್ಪಾ, ಮನಸ್ಸಿಗೆ ಬಂದದ್ದು ಬರೀರಿ, ಯಾರೂ ನೋಡಲ್ಲ" ಎಂದಿದ್ದಳು. ಹೆಂಡತಿ ಮೋಲಿ ತೀರಿಕೊಂಡ ಮೇಲೆ ನಾನು ಮಾತೇ ಬಿಟ್ಟಿದ್ದೇನೆ ಎಂಬುದು ಮಗಳ ದೂರು. ಮಾತಾಡಲು ಇಲ್ಲಿ ಹಗಲಿನಲ್ಲಿ ಯಾರಿದ್ದಾರೆ? ಶರಲ್ ಯುನಿವರ್ಸಿಟಿಯಲ್ಲಿ ಪಾಠ ಮುಗಿಸಿ ಬರುವಾಗ ಸಂಜೆ ಆರು. ಅಳಿಯ ಸುಜಿತ್ ಕ್ಲಾಂಗ್ ಬಂದರಿನ ಆಫೀಸಿನಿಂದ ಬರುವಾಗ ಎಂಟು. ಅವನು ಕುಂದಾಪುರದವನು, ಕೊಂಕಣಿ ಬಾರದು, ಹಾಗಾಗಿ ಈ ಮನೆಯಲ್ಲಿ ಎಲ್ಲರಿಗೂ ಒದಗುವ ಭಾಷೆ ಕನ್ನಡ. ಮೊಮ್ಮಗಳು ಮೆರಿಲ್‌ಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಇವತ್ತು ಬರೆಯಲು ಕೂತದ್ದು ಆ ಮೆರಿಲ್‌ನಿಂದಾಗಿ. ಅವಳಿಗೆ ಇಪ್ಪತ್ತು ವರ್ಷ, ವಿಮಾನ ರಿಪೇರಿಯ ಕೋರ್ಸ್ ಮಾಡುತ್ತಿದ್ದಾಳೆ. ಊಟದ ಹೊತ್ತಿಗೆ ಹೇಳಿದಳು: ಕಾಲೇಜಿನ ಏವಿಯೇಷನ್ ಕ್ಲಬ್ಬಿನವರು ಸೆಪ್ಟೆಂಬರಿನಲ್ಲಿ ಹಳೆಯ ವಿಮಾನಗಳ ಬಗ್ಗೆ ಒಂದು ಕಾರ್ಯಕ್ರಮ ಇಟ್ಟಿದ್ದಾರೆ, ಮುಖ್ಯ ಭಾಷಣ ಅಜ್ಜನಾದ ನನ್ನದಂತೆ.

"ಐ ಟೋಲ್ಡ್ ದೆಮ್, ಮೈ ಗ್ರ್ಯಾಂಪಾ ಫ್ಲೂ ಆನ್ ದ ಕಾಂಕಾರ್ಡ್. ದೇ ವೆಂಟ್ ಮ್ಯಾಡ್ ಲಾ."

ಸುಜಿತ್, "ಮಾವ, ಇನ್ನು ನಿಮ್ಮನ್ನ ಹಿಡಿಯೂಕೆ ಆಗ್ದು" ಎಂದು ನಕ್ಕ. ಶರಲ್ ನನ್ನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದಳು. ನಾನು ಆಗಲಿ ಎಂದೆ.

ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಆ ಕಾಂಕಾರ್ಡ್ ವಿಮಾನವನ್ನು ನಾನು ಹತ್ತಿದ್ದು ನಿಜ. ನೂರಾರು ಸಲ ಹತ್ತಿದ್ದೇನೆ. ಅದರಲ್ಲಿ ಒಂದು ಸಲವೂ ಹಾರಿಲ್ಲ. ನಾನು ಬಹರೈನ್ ವಿಮಾನ ನಿಲ್ದಾಣದಲ್ಲಿ ಅದರ ಒಳಗನ್ನು ಗುಡಿಸಿ ಒರೆಸುವವನಾಗಿದ್ದೆ.

ಈ ಮಾತನ್ನು ಎಲ್ಲಾದರೂ ಬರೆದದ್ದು ಇದೇ ಮೊದಲು.

14 ಆಗಸ್ಟ್, ಬುಧವಾರ

ಸುಳ್ಳು ಹೇಗೆ ಹುಟ್ಟಿತು ಎಂದು ಬರೆದಿಡುತ್ತೇನೆ.

1981ರ ಜನವರಿ. ಆರು ವರ್ಷ ಬಹರೈನಿನಲ್ಲಿ ದುಡಿದು ಮಂಗಳೂರಿಗೆ ಬಂದಿದ್ದೆ. ಹೆಣ್ಣು ನೋಡಲು ಕುಲಶೇಖರಕ್ಕೆ ಹೋದೆವು. ಮೋಲಿಯ ತಂದೆ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ಗಂಭೀರ ಮನುಷ್ಯ. "ಹುಡುಗನಿಗೆ ಏನು ಕೆಲಸ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ರಾಬಿನ್, "ಕಾಂಕಾರ್ಡ್ ಸೆಕ್ಷನ್ನಿನಲ್ಲಿ. ಅದರಲ್ಲಿ ಸಿಂಗಾಪುರಕ್ಕೂ ಹೋಗಿ ಬಂದಿದ್ದಾನೆ" ಎಂದುಬಿಟ್ಟ. ಸೆಕ್ಷನ್ ಎಂದದ್ದು ಸುಳ್ಳಲ್ಲ. ಉಳಿದದ್ದನ್ನು ನಾನು ಅಲ್ಲಗಳೆಯಲಿಲ್ಲ.

ಹಣ್ಣಿನ ರಸ ತಂದ ಮೋಲಿ ಬಾಗಿಲ ಬಳಿಯೇ ನಿಂತಳು. ಹುಡುಗಿಯರು ಆಗ ಏನೂ ಕೇಳುತ್ತಿರಲಿಲ್ಲ. ಅವಳು ಕೇಳಿದಳು.

"ಅಷ್ಟು ಮೇಲಿಂದ ಆಕಾಶ ಹೇಗಿರ್ತದೆ?"

ವಿಮಾನದ ಒಬ್ಬ ಇಂಗ್ಲಿಷ್ ಪರಿಚಾರಕ ನನಗೆ ಯಾವತ್ತೋ ಹೇಳಿದ್ದನ್ನೇ ಹೇಳಿದೆ. ಮೇಲೆ ಕಪ್ಪು, ಹಗಲಿನಲ್ಲೇ ಕಪ್ಪು, ಅದರ ಕೆಳಗೆ ನೀಲಿ, ಭೂಮಿಯ ಅಂಚು ಬಳೆಯ ಹಾಗೆ ಬಾಗಿದೆ. ಅವಳು ಟ್ರೇ ಹಿಡಿದುಕೊಂಡೇ ಕೇಳಿದಳು. ಆ ಮುಖ ನೋಡಿದ ಮೇಲೆ ನನಗೆ ನಿಜ ಹೇಳಲು ಆಗಲಿಲ್ಲ. ಮದುವೆಯಾಗಿ ನಲವತ್ತೆರಡು ವರ್ಷ ಬಾಳಿದಳು. ನೆಂಟರು ಬಂದಾಗಲೆಲ್ಲ, "ಆ ಆಕಾಶದ ವಿಷಯ ಇವರಿಗೂ ಹೇಳಿ" ಎನ್ನುತ್ತಿದ್ದಳು. ನಾನು ಹೇಳುತ್ತಿದ್ದೆ. ಕೊನೆಕೊನೆಗೆ ಹೇಳುವಾಗ ನಾಲಿಗೆ ತಡವರಿಸುತ್ತಲೂ ಇರಲಿಲ್ಲ.

18 ಆಗಸ್ಟ್, ಭಾನುವಾರ

ಸೆರೆಂಬಾನಿನ ಚರ್ಚಿನಲ್ಲಿ ಪೂಜೆ ಮುಗಿಸಿ, ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿನಲ್ಲಿ ಕೂತೆವು. ರೊಟ್ಟಿ ಚನಾಯ್, ಎತ್ತರದಿಂದ ಹೊಯ್ದ ಚಹಾ. ಶರಲ್ ಮಧ್ಯಾಹ್ನಕ್ಕೂ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಲು ಎದ್ದು ಹೋದಳು. ಮೆರಿಲ್ ಫೋನನ್ನು ನನ್ನ ಮುಂದಿಟ್ಟು ರೆಕಾರ್ಡಿಂಗ್ ಒತ್ತಿದಳು. ಹೇಳಿದೆ. ಯಾವಾಗಲೂ ಹೇಳುವುದನ್ನೇ.

ಆದರೆ ಇವಳು ಅವಳ ಅಜ್ಜಿಯ ಹಾಗಲ್ಲ. ವಿಮಾನ ಓದುವವಳು. ಯಾವ ತಿಂಗಳು, ಯಾವ ಸೀಟು, ವೇಗ ಮಾಕ್ ಎರಡು, ಅಂದರೆ ಶಬ್ದದ ಎರಡು ಪಟ್ಟು, ತಲುಪಿದಾಗ ಮೈಗೆ ಏನಾದರೂ ಗೊತ್ತಾಯಿತೇ, ವಾಪಸು ಹೇಗೆ ಬಂದಿರಿ. ನಾನು ಮಾರ್ಚ್ 1979 ಎಂದೆ. ಏಳನೇ ಸಾಲು, ಕಿಟಕಿ ಎಂದೆ. ಮೈಗೆ ಏನೂ ಗೊತ್ತಾಗಲಿಲ್ಲ ಎಂದೆ. ಅದೊಂದು ಸರಿಯಾಗಿ ಹೇಳಿರಬೇಕು, ಅವಳು ತಲೆಯಾಡಿಸಿದಳು.

ಅವಳು ಓದಿ ತಿಳಿದದ್ದನ್ನು ನನಗೆ ಹೇಳಿದಳು. 1977ರ ಡಿಸೆಂಬರಿನಲ್ಲಿ ಸಿಂಗಾಪುರದ ಹಾರಾಟ ಶುರುವಾಗಿ ಮೂರೇ ಸಲಕ್ಕೆ ನಿಂತಿತಂತೆ. ಮೆಲಾಕಾ ಜಲಸಂಧಿಯ ಮೇಲೆ ಅಷ್ಟು ಶಬ್ದ ಬೇಡ ಎಂದು ಮಲೇಷ್ಯಾ ತಕರಾರು ಮಾಡಿತ್ತು. ಮತ್ತೆ ಶುರುವಾದದ್ದು ಒಂದು ವರ್ಷ ಕಳೆದ ಮೇಲೆ.

"ಸೋ ಯು ಫ್ಲೂ ಪಾಸ್ಟ್ ಹಿಯರ್, ಗ್ರ್ಯಾಂಪಾ. ಪಾಸ್ಟ್ ಅವರ್ ಹೌಸ್, ಆಲ್ಮೋಸ್ಟ್."

ಇಷ್ಟು ದಿನ ಒಂದೇ ಸುಳ್ಳಿತ್ತು. ಇವತ್ತು ಒಂದು ಗಂಟೆಯಲ್ಲಿ ಅದು ಐದು ಮರಿ ಹಾಕಿತು.

20 ಆಗಸ್ಟ್

ಮಳೆ. ಬರೆಯುವ ಮನಸ್ಸಿಲ್ಲ.

25 ಆಗಸ್ಟ್, ಭಾನುವಾರ

ಒಂದು ಉಪಾಯ ಹೊಳೆಯಿತು. ನನಗೆ ನಿಜವಾಗಿ ಗೊತ್ತಿರುವುದನ್ನೆಲ್ಲ ಬರೆದುಕೊಂಡರೆ, ಅದರ ನಡುವೆ ಸುಳ್ಳನ್ನು ಸೇರಿಸುವುದು ಸುಲಭ. ಯಾರು ಏನು ಕೇಳಿದರೂ ನಿಜದ ಕಡೆಗೆ ಜಾರಬಹುದು.

ಮೊದಲ ದಿನ. 1976, ಚಳಿಗಾಲ. ಬಹರೈನಿನ ಮುಹರ್ರಕ್ ವಿಮಾನ ನಿಲ್ದಾಣದಲ್ಲಿ ನಾವು ಹನ್ನೊಂದು ಜನ ನೀಲಿ ಓವರಾಲ್ ತೊಟ್ಟು ಸಾಲಾಗಿ ನಿಂತಿದ್ದೆವು. ನಮ್ಮ ಸೂಪರ್‌ವೈಸರ್ ಕಾರವಾರ ಕಡೆಯ ತಿಮ್ಮಪ್ಪಣ್ಣ. ಲಂಡನ್ನಿನಿಂದ ನಾಲ್ಕು ಗಂಟೆಯೊಳಗೆ ಬರುವ ವಿಮಾನ ಎಂದು ಹೇಳಿದ್ದರು. ನಾವು ನಂಬಿರಲಿಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋದರೆ ಒಂದು ರಾತ್ರಿ ಬೇಕಿದ್ದ ಕಾಲ.

ಪ್ರಯಾಣಿಕರು ಇಳಿದು ಹೋದ ಮೇಲೆ ಮೆಟ್ಟಿಲು ಹತ್ತಿದೆ. ಬಾಗಿಲು ಎಷ್ಟು ತಗ್ಗೆಂದರೆ ತಲೆ ಬಾಗಿಸಿಯೇ ಹೋಗಬೇಕು. ದೊಡ್ಡ ಅರಮನೆ ಇರಬಹುದೆಂದುಕೊಂಡಿದ್ದೆ. ಒಳಗೆ ನೋಡಿದರೆ ಉದ್ದನೆಯ ಸಪೂರ ಓಣಿ. ಆ ಕಡೆ ಎರಡು, ಈ ಕಡೆ ಎರಡು ಸೀಟು, ಒಟ್ಟು ನೂರು. ಕಿಟಕಿಗಳು ನನ್ನ ಅಂಗೈಯಷ್ಟು. ನಿಜವಾಗಿ ಅಂಗೈಯಿಟ್ಟು ನೋಡಿದೆ, ಬೆರಳುಗಳು ಮಾತ್ರ ಹೊರಗುಳಿದವು. ಸಿಗರೇಟು, ಸುಗಂಧ, ಕಾಫಿ, ಬಿಸಿಯಾದ ಚರ್ಮದ ವಾಸನೆ ಒಟ್ಟಿಗೆ. ಒಂದು ಸೀಟಿನ ಮೇಲೆ ಅರ್ಧ ಓದಿದ ಲಂಡನ್ ಪೇಪರ್. ಆ ದಿನದ್ದೇ. ಅದನ್ನು ಕೈಯಲ್ಲಿ ಹಿಡಿದು ನಾನು ದಾರಿಯ ನಡುವೆ ನಿಂತುಬಿಟ್ಟೆ. ಅವತ್ತು ಬೆಳಿಗ್ಗೆ ಲಂಡನ್ನಿನಲ್ಲಿ ಯಾರೋ ಮನೆಯಿಂದ ಹೊರಡುವಾಗ ಕೊಂಡ ಪೇಪರು ಅದು.

"ಸಿರಿಲ್, ನೋಡೂದು ಆಮೇಲೆ. ಮೊದ್ಲು ಗುಡ್ಸು" ಎಂದರು ತಿಮ್ಮಪ್ಪಣ್ಣ. ಹೇಳಿ, ಅವರೂ ನಿಂತು ನೋಡುತ್ತಿದ್ದರು.

ಮುಂದಿನ ಗೋಡೆಯ ಮೇಲೆ ಪ್ರಯಾಣಿಕರಿಗೆ ವೇಗ ತೋರಿಸುವ ಅಂಕಿಗಳ ಫಲಕ ಇತ್ತು. ಅದರ ಗಾಜು ಒರೆಸುವುದು ನನ್ನ ಪಾಲಿನ ಕೆಲಸ. ನಾನು ಒರೆಸುವಾಗ ಅದು ಯಾವಾಗಲೂ ಆರಿರುತ್ತಿತ್ತು. ಆದರೂ ಒಂದು ಗಂಟೆಯ ಹಿಂದೆ ಅದರಲ್ಲಿ ಶಬ್ದಕ್ಕಿಂತ ಎರಡು ಪಟ್ಟು ಎಂಬ ಅಂಕಿ ಉರಿದಿತ್ತಲ್ಲ ಎಂದುಕೊಂಡು, ನಾನು ಅದನ್ನು ಎರಡು ಸಲ ಒರೆಸುತ್ತಿದ್ದೆ. ನಮ್ಮ ಚರ್ಚಿನಲ್ಲಿ ಪೂಜೆಯ ಪಾತ್ರೆ ಒರೆಸುವ ಹಾಗೆ.

ಇದನ್ನು ಬರೆಯಲು ಕೂತಾಗ ಹನ್ನೊಂದು ಗಂಟೆ. ಈಗ ಎರಡು. ಊಟಕ್ಕೆ ಕರೆದು ಕರೆದು ಶರಲ್ ಸುಮ್ಮನಾಗಿದ್ದಾಳೆ.

28 ಆಗಸ್ಟ್, ಬುಧವಾರ

ಇನ್ನೊಂದು ನೆನಪಾಯಿತು. ಅದರ ಮೈ ಮುಟ್ಟಿದ್ದು.

ಮೇಲೆ ಹಾರುವಾಗ ಮೂಗಿನ ತುದಿ ಕುದಿಯುವ ನೀರಿಗಿಂತ ಬಿಸಿಯಾಗುತ್ತದೆ, ಬಿಸಿಗೆ ಇಡೀ ವಿಮಾನವೇ ಒಂದು ಗೇಣು ಉದ್ದವಾಗುತ್ತದೆ, ಇಳಿಯುವಾಗ ತಣಿದು ಮತ್ತೆ ಕುಗ್ಗುತ್ತದೆ ಎಂದು ಒಬ್ಬ ಎಂಜಿನಿಯರ್ ಹೇಳಿದ್ದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಲೋಹ ಉದ್ದವಾಗುವುದೆಂದರೇನು? ಅವನು ನಗಲಿಲ್ಲ. ಹಾಗಾಗಿ ಒಂದು ದಿನ ಯಾರೂ ನೋಡದಾಗ ಮೆಟ್ಟಿಲ ಮೇಲಿಂದ ಕೈ ಚಾಚಿ ಬಾಗಿಲ ಪಕ್ಕದ ಬಿಳಿ ಮೈಯನ್ನು ಮುಟ್ಟಿದೆ. ಸುಡುತ್ತದೆಂದುಕೊಂಡಿದ್ದೆ. ಜ್ವರ ಬಿಟ್ಟ ಮಗುವಿನ ಹಣೆಯಷ್ಟೇ ಬೆಚ್ಚಗಿತ್ತು.

ಕೈ ತೆಗೆಯಲು ಮನಸ್ಸಾಗಲಿಲ್ಲ. ಉದ್ದವಾಗಿ ಹೋಗಿ, ಕುಗ್ಗಿ ಬಂದಿದೆ. ಮಾತಿಲ್ಲದ ಜೀವವೊಂದು ದೂರದಿಂದ ಬಂದು ಉಸಿರು ತೆಗೆದುಕೊಳ್ಳುತ್ತಿರುವಾಗ ಪಕ್ಕದಲ್ಲಿ ನಿಂತ ಹಾಗಿತ್ತು.

ಇದನ್ನು ನಾನು ಮೋಲಿಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ, ನೀವು ಮೆಟ್ಟಿಲ ಮೇಲೆ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಿದ್ದಳು.

3 ಸೆಪ್ಟೆಂಬರ್, ಮಂಗಳವಾರ

ಪೋಸ್ಟರ್ ತಯಾರಾಗಿದೆ. ಮೆರಿಲ್ ಒಂದು ಪ್ರತಿ ತಂದು ಫ್ರಿಜ್ ಮೇಲೆ ಅಂಟಿಸಿದ್ದಾಳೆ. ನನ್ನ ಹಳೆಯ ಫೋಟೊ. ಹಿಂದೆ ವಿಮಾನ, ಮುಂದೆ ಬಿಳಿ ಶರ್ಟಿನಲ್ಲಿ ಇಪ್ಪತ್ತಾರು ವರ್ಷದ ನಾನು, ಎರಡೂ ಕೈ ಬೆನ್ನ ಹಿಂದೆ. ಕೆಳಗೆ ದೊಡ್ಡ ಅಕ್ಷರದಲ್ಲಿ, ಸಿರಿಲ್ ಮೊಂತೇರೊ, ಪ್ರಯಾಣಿಕ, ಬಹರೈನ್–ಸಿಂಗಾಪುರ 1979.

ಫೋಟೊ ತೆಗೆಯುವಾಗ ಓವರಾಲ್ ಬಿಚ್ಚಿ ಮಡಚಿ ಬೆನ್ನ ಹಿಂದೆ ಹಿಡಿದುಕೊಂಡಿದ್ದೆ. ನೀರು ಕುಡಿಯಲು ಫ್ರಿಜ್ ಹತ್ತಿರ ಹೋದಾಗಲೆಲ್ಲ ಆ ಕೈಗಳು ಏನು ಹಿಡಿದಿವೆ ಎಂದು ನನಗೊಬ್ಬನಿಗೇ ಕಾಣುತ್ತದೆ.

ಅದು ಸಾಲದೆಂಬಂತೆ ಇನ್ನೊಂದು ಸುದ್ದಿ. ಮೆಲಾಕಾದಲ್ಲಿ ರೋಸಿ ಚೀ ಎಂಬ ಹೆಂಗಸಿದ್ದಾರಂತೆ, ಅರವತ್ತೊಂಬತ್ತು ವರ್ಷ. ಆಗ ಸಿಂಗಾಪುರದ ಕಂಪನಿಯ ಗಗನಸಖಿ. ಇದೇ ಬಹರೈನ್–ಸಿಂಗಾಪುರ ಕಾಂಕಾರ್ಡಿನಲ್ಲಿ ಕೆಲಸ ಮಾಡಿದವರು. ಮೆರಿಲ್ ಹೇಗೋ ಹುಡುಕಿ ತೆಗೆದಿದ್ದಾಳೆ. ಕಾರ್ಯಕ್ರಮಕ್ಕೆ ಬರಲು ಒಪ್ಪಿದ್ದಾರೆ.

"ಮೇಬಿ ಶಿ ಸರ್ವ್ಡ್ ಯು ಲಂಚ್, ಗ್ರ್ಯಾಂಪಾ."

ಏಳನೇ ಸಾಲಿನ ಕಿಟಕಿಯಲ್ಲಿ ನೀಲಿ ಓವರಾಲಿನ ಕ್ಲೀನರ್ ಕೂತಿದ್ದಿದ್ದರೆ ಆಕೆ ಮರೆತಿರುತ್ತಿರಲಿಲ್ಲ.

5 ಸೆಪ್ಟೆಂಬರ್, ಗುರುವಾರ

ಬಿ.ಪಿ. ನೂರ ಎಪ್ಪತ್ತು. ಶರಲ್ ರಜೆ ಹಾಕಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಬರುವಾಗ ಕಾರಿನಲ್ಲಿ ಕೇಳಿದೆ, "ನನಗೆ ಮಂಗಳೂರಿಗೆ ಒಂದು ಟಿಕೆಟ್ ಮಾಡಿಕೊಡ್ತೀಯಾ? ಹದಿನೈದನೇ ತಾರೀಕಿನ ಒಳಗೆ."

ಅವಳು ಕಾರಿನ ವೇಗ ತಗ್ಗಿಸಿದಳು.

"ಮೆರಿಲ್‌ದು ಇಪ್ಪತ್ತೊಂದಕ್ಕೆ ಇದೆಯಲ್ಲ ಪಪ್ಪಾ. ಅದಾದ ಮೇಲೆ ಹೋಗಬಹುದಲ್ಲ?"

"ಅದಾದ ಮೇಲೆ ಬೇಡ."

"ನಾವು ಏನಾದ್ರೂ ತಪ್ಪು ಮಾಡಿದ್ವಾ?"

ಇಲ್ಲ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಮನೆಯ ಮುಂದೆ ಕಾರು ನಿಲ್ಲಿಸಿ, ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ, "ಮಮ್ಮಿ ಹೋದ ಮೇಲೆ ನೀವು ಮೊದಲನೇ ಸಲ ಏನಾದ್ರೂ ಮಾಡಲು ಒಪ್ಪಿದ್ರಿ ಅಂತ ನಂಗೆ ಎಷ್ಟು ಸಮಾಧಾನ ಆಗಿತ್ತು ಗೊತ್ತಾ" ಎಂದಳು.

ಟಿಕೆಟ್ಟಿನ ಮಾತು ಅಲ್ಲಿಗೆ ಬಿಟ್ಟೆ.

8 ಸೆಪ್ಟೆಂಬರ್, ಭಾನುವಾರ. ಮೊಂತಿ ಹಬ್ಬ

ಮಾತೆ ಮರಿಯಮ್ಮನ ಹುಟ್ಟುಹಬ್ಬ. ನಮ್ಮಲ್ಲಿ ಇವತ್ತು ಹೊಸ ತೆನೆಯ ಊಟ, ಮೀನು ಮಾಂಸ ಇಲ್ಲ. ಇಲ್ಲಿ ಹೊಸ ತೆನೆ ಎಲ್ಲಿಂದ ಬರಬೇಕು? ಸುಜಿತ್ ಸೆಕಿಂಚಾನ್ ಗದ್ದೆ ಕಡೆ ಹೋಗಿದ್ದ ಸ್ನೇಹಿತನಿಂದ ನಾಲ್ಕು ತೆನೆ ತರಿಸಿದ್ದ. ಶರಲ್ ಭತ್ತದ ಕಾಳು ಸುಲಿದು ಪಾಯಸಕ್ಕೆ ಹಾಕಿದಳು. ಐದು ಬಗೆ ಪಲ್ಯ. ಮೋಲಿ ಮಾಡುತ್ತಿದ್ದದ್ದು ಏಳು.

ಊಟದ ನಡುವೆ ಮೆರಿಲ್ ಅಜ್ಜಿಯ ಸುದ್ದಿ ತೆಗೆದಳು. ಚಿಕ್ಕವಳಿದ್ದಾಗ ರಜೆಗೆ ಮಂಗಳೂರಿಗೆ ಬಂದರೆ ಅಜ್ಜಿ ಅವಳಿಗೆ ಕಾಂಕಾರ್ಡಿನ ಕತೆ ಹೇಳುತ್ತಿದ್ದಳಂತೆ. ಆಕಾಶ ಕಪ್ಪು, ಆಮೇಲೆ ನೀಲಿ, ಆಮೇಲೆ ಬಳೆಯಂಥ ಅಂಚು. ಅದೆಲ್ಲ ನನ್ನದೇ. ಆಮೇಲೆ ಮೆರಿಲ್ ಹೇಳಿದಳು, ಆ ಅಂಚಿನ ಮೇಲೆ ಒಂದೇ ಒಂದು ನಕ್ಷತ್ರ ಹಗಲಲ್ಲೇ ಕಾಣುತ್ತಿತ್ತಂತೆ, ಅಜ್ಜ ಅದನ್ನು ನೋಡಿ ಊರಿನಲ್ಲಿ ತನಗಾಗಿ ಯಾರೋ ಕಾಯುತ್ತಿದ್ದಾರೆ ಎಂದುಕೊಂಡನಂತೆ.

ಆ ನಕ್ಷತ್ರದ ವಿಷಯ ನಾನು ಯಾವತ್ತೂ ಹೇಳಿಲ್ಲ.

ಅದನ್ನು ಮೋಲಿ ಸ್ವತಃ ಕಟ್ಟಿಕೊಂಡಿದ್ದಾಳೆ. ಬಟ್ಟೆ ಒಗೆಯುವಾಗಲೋ ಮೀನು ಕೊಯ್ಯುವಾಗಲೋ ಆ ಕಿಟಕಿಯಲ್ಲಿ ಕೂತು ಬಂದಿದ್ದಾಳೆ. ವಿಮಾನ ಹತ್ತಿ ಅವಳು ಹೋದ ಅತಿ ದೂರದ ಊರು ಮುಂಬೈ.

ಪಾಯಸ ಪೂರ್ತಿ ತಿಂದೆ. ಶರಲ್‌ಗೆ ಖುಷಿಯಾಯಿತು.

12 ಸೆಪ್ಟೆಂಬರ್, ಗುರುವಾರ

ಹೇಳಿಬಿಟ್ಟೆ.

ಕಾರ್ಯಕ್ರಮಕ್ಕಾಗಿ ಕೂದಲು ಕತ್ತರಿಸಲು ಮೆರಿಲ್ ನನ್ನನ್ನು ತಮಿಳರ ಸಲೂನಿಗೆ ಕರೆದುಕೊಂಡು ಹೋಗಿದ್ದಳು. ವಾಪಸು ಬರುವಾಗ ಒಂದು ವಿಮಾನ ಚಕ್ರ ಬಿಟ್ಟುಕೊಂಡು ನಮ್ಮ ತಲೆಯ ಮೇಲೆಯೇ ಇಳಿಯಿತು. ಅವಳು ಅದರ ಹೆಸರು, ಎಂಜಿನ್ನಿನ ಹೆಸರು ಹೇಳಿದಳು. ಆಮೇಲೆ, ನನ್ನ ಅಜ್ಜನಿಂದಾಗಿ ನಾನು ಈ ಕೋರ್ಸ್ ತೆಗೆದುಕೊಂಡೆ ಎಂದು ಪ್ರೊಫೆಸರಿಗೆ ಹೇಳಿದ್ದೇನೆ ಎಂದಳು.

"ಮೆರಿಲ್, ಗಾಡಿ ಬದಿಗೆ ನಿಲ್ಲಿಸು."

ಎದೆನೋವು ಎಂದುಕೊಂಡಳೋ ಏನೋ, ಪೆಟ್ರೋಲ್ ಬಂಕಿನೊಳಗೆ ತಿರುಗಿಸಿ ನಿಲ್ಲಿಸಿದಳು. ನಾನು ಮುಂದಿನ ಗಾಜನ್ನೇ ನೋಡುತ್ತ ಹೇಳಿದೆ. ಹಾರಿಲ್ಲ. ಗುಡಿಸುತ್ತಿದ್ದೆ. ಸೀಟಿನ ಜೇಬು ಖಾಲಿ ಮಾಡುತ್ತಿದ್ದೆ, ಆಶ್‌ಟ್ರೇ ತೊಳೆಯುತ್ತಿದ್ದೆ. ಐದು ವರ್ಷ.

ಅವಳು ನನ್ನ ಕಡೆ ತಿರುಗಲಿಲ್ಲ.

"ಗ್ರ್ಯಾಂಡ್‌ಮಾ ಡಿಡಂಟ್ ನೋ?"

"ಇಲ್ಲ."

"ನೆವರ್?"

"ಇಲ್ಲ."

ಮನೆ ತಲುಪಿದೆವು. ಕಾರಿನಿಂದ ಇಳಿಯುವಾಗ ನನ್ನ ಬದಿಯ ಬಾಗಿಲನ್ನು ಯಾವಾಗಲೂ ಅವಳು ತೆರೆಯುತ್ತಿದ್ದಳು. ಇವತ್ತು ನಾನೇ ತೆರೆದುಕೊಂಡೆ.

13 ಸೆಪ್ಟೆಂಬರ್

ಫ್ರಿಜ್ ಮೇಲಿನ ಪೋಸ್ಟರ್ ಇಲ್ಲ.

14 ಸೆಪ್ಟೆಂಬರ್

ಶರಲ್‌ಗೂ ಹೇಳಿದೆ. ಅವಳು ಅಕ್ಕಿ ತೊಳೆಯುತ್ತಿದ್ದಳು, ತೊಳೆಯುವುದನ್ನು ನಿಲ್ಲಿಸಲಿಲ್ಲ. ಆಮೇಲೆ, "ಶಾಲೆಯಲ್ಲಿ ಎಷ್ಟು ಸಲ ಹೇಳಿದ್ದೆ ಪಪ್ಪಾ. ಪ್ರಬಂಧ ಬರೆದು ಬಹುಮಾನ ತಗೊಂಡಿದ್ದೆ" ಎಂದಳು. ಕುಕ್ಕರ್ ಇಟ್ಟಳು. ನಾನು ಅಲ್ಲೇ ನಿಂತಿದ್ದೆ. "ಕೂತ್ಕೊಳ್ಳಿ. ಬಿ.ಪಿ. ಮಾತ್ರೆ ತಗೊಂಡ್ರಾ?" ಎಂದು ಕೇಳಿದಳು.

16 ಸೆಪ್ಟೆಂಬರ್, ಸೋಮವಾರ

ಮಲೇಷ್ಯಾ ದಿನ, ಎಲ್ಲರಿಗೂ ರಜೆ. ಬೆಳಿಗ್ಗೆ ಮೆರಿಲ್ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ನಾಲ್ಕು ದಿನವಾಗಿತ್ತು ಅವಳ ಮುಖ ಸರಿಯಾಗಿ ನೋಡದೆ.

ರೋಸಿ ಚೀ ಅವರಿಗೆ ಬೇಡವೆಂದು ಹೇಳಲು ಆಗುವುದಿಲ್ಲ, ಕಾರ್ಯಕ್ರಮ ನಡೆಯಲೇಬೇಕು ಎಂದಳು. ಆಮೇಲೆ ಹಾಸಿಗೆಯ ತುದಿಯಲ್ಲಿ ಕೂತು, ನಿಜವಾಗಿ ನೀವು ಅಲ್ಲಿ ಏನು ಮಾಡುತ್ತಿದ್ದಿರಿ, ಮೊದಲಿನಿಂದ ಹೇಳಿ ಎಂದಳು. ಬೈಯುವ ದನಿಯಲ್ಲೇ.

ನನಗೆ ಬಾಯಿಂದ ಹೇಳಲು ಬರಲಿಲ್ಲ. ಈ ಪುಸ್ತಕ ತೆಗೆದೆ. ಅವಳಿಗೆ ಕನ್ನಡ ಓದಲು ಬಾರದು. ಆಗಸ್ಟ್ ಇಪ್ಪತ್ತೈದರದ್ದನ್ನು ಗಟ್ಟಿಯಾಗಿ ಓದಿದೆ. ಲಂಡನ್ ಪೇಪರಿನ ಹತ್ತಿರ ಬಂದಾಗ ಅವಳು ಫೋನ್ ಕೆಳಗಿಟ್ಟಳು. ಇಪ್ಪತ್ತೆಂಟರದ್ದನ್ನೂ ಓದಿದೆ, ಮೈ ಮುಟ್ಟಿದ್ದು.

"ಯು ಟಚ್ಡ್ ಇಟ್," ಎಂದಳು.

"ಹೌದು."

"ವಿತ್ ದಿಸ್ ಹ್ಯಾಂಡ್?"

ಬಲಗೈ ತೋರಿಸಿದೆ. ಅವಳು ಅದನ್ನು ತಿರುಗಿಸಿ ಅಂಗೈ ನೋಡಿದಳು, ಯಾವುದೋ ಯಂತ್ರದ ಭಾಗ ನೋಡುವ ಹಾಗೆ. ಅವಳ ಪ್ರೊಫೆಸರುಗಳಲ್ಲಿ ಯಾರೂ ಅದನ್ನು ಮುಟ್ಟಿದವರಿಲ್ಲವಂತೆ. ನಾನು ಇನ್ನೂ ಹೇಳಿದೆ. ಮಧ್ಯಾಹ್ನ ಅವಳು ಮಾರ್ಕರ್ ತಂದು ಹೊಸ ಪೋಸ್ಟರಿನ ಕರಡು ಬರೆದಳು. ಹೆಸರಿನ ಕೆಳಗೆ ಏನು ಹಾಕಲಿ ಎಂದು ಕೇಳಿದಳು. ಕ್ಯಾಬಿನ್ ಕ್ಲೀನರ್ ಎಂದು ಹಾಕು ಎಂದೆ.

ಸಿಟ್ಟು ಪೂರ್ತಿ ಇಳಿದಿಲ್ಲ ಅವಳಿಗೆ. ಹೋಗುವಾಗ, "ಯು ಶುಡ್ ಹ್ಯಾವ್ ಟೋಲ್ಡ್ ಹರ್" ಎಂದು ಹೇಳಿಯೇ ಹೋದಳು.

21 ಸೆಪ್ಟೆಂಬರ್, ಶನಿವಾರ

ಎಲ್ಲವನ್ನೂ ಇವತ್ತೇ ಬರೆಯಬೇಕು, ಸಂಜೆಯ ಬೆಳಕಿರುವಾಗಲೇ.

ಕಾಲೇಜಿನ ಸಭಾಂಗಣದಲ್ಲಿ ಎಪ್ಪತ್ತು ಜನ ಇದ್ದಿರಬಹುದು. ಸುಜಿತ್, ಶರಲ್ ಎರಡನೇ ಸಾಲಿನಲ್ಲಿ. ರೋಸಿ ಚೀ ಬೆಳ್ಳಗಿನ ಗಿಡ್ಡ ಕೂದಲಿನ ಸಣ್ಣ ಹೆಂಗಸು, ಕೈಯಲ್ಲಿ ಊರುಗೋಲು, ಆದರೆ ಕೂತ ಭಂಗಿಯಲ್ಲಿ ಇನ್ನೂ ಬೆನ್ನು ನೆಟ್ಟಗೆ. ಅವರೇ ಮೊದಲು ಮಾತಾಡಿದರು. ಮೂವತ್ತೊಂದು ಸಲ ಹಾರಿದ್ದರಂತೆ. ಇಕ್ಕಟ್ಟಾದ ದಾರಿ, ಬಿಸಿಯಾಗುವ ಕಿಟಕಿ, ಊಟ ಬಡಿಸಿ ತಟ್ಟೆ ತೆಗೆಯುವುದರೊಳಗೆ ಬಂದೇಬಿಡುವ ಊರು. ಯಾರೋ ಆಕಾಶದ ಬಗ್ಗೆ ಕೇಳಿದರು. "ಕೆಲಸದ ನಡುವೆ ಎರಡೇ ಸಲ ಬಗ್ಗಿ ನೋಡಿದೆ. ಅದನ್ನು ಹೇಳಲು ನನಗೆ ಬರುವುದಿಲ್ಲ" ಎಂದರು.

ನನ್ನ ಸರದಿ. ಮೆರಿಲ್ ಮೈಕ್ ಕೊಟ್ಟು ಪಕ್ಕದಲ್ಲೇ ನಿಂತಳು. ಇಂಗ್ಲಿಷಿನಲ್ಲಿ ಎರಡು ವಾಕ್ಯ ಬರೆದುಕೊಂಡಿದ್ದೆ. ನಾನು ಅದರಲ್ಲಿ ಯಾವತ್ತೂ ಹಾರಿಲ್ಲ. ಹಾರಿದ್ದೇನೆಂದು ನಲವತ್ತು ವರ್ಷ ಸುಳ್ಳು ಹೇಳಿದ್ದೇನೆ. ಓದಿದೆ. ಆಮೇಲೆ ಗುಡಿಸುವ ಕೆಲಸದ ಬಗ್ಗೆ ಹೇಳಿದೆ, ಲಂಡನ್ ಪೇಪರು, ಒರೆಸಿದ ಗಾಜು. ಹುಡುಗರು ಎದ್ದು ಹೋಗಲಿಲ್ಲ. ಮುಗಿಸಿ ಕೂರುವವನಿದ್ದೆ. ರೋಸಿ ಚೀ ಊರುಗೋಲನ್ನು ಸ್ವಲ್ಪ ಎತ್ತಿದರು.

"ಮಿಸ್ಟರ್ ಸಿರಿಲ್, ಅದು ನೆಲ ಬಿಟ್ಟು ಏಳುವುದನ್ನು ನೀವು ನೋಡಿದ್ದೀರಾ?"

"ಇನ್ನೂರು ಮುನ್ನೂರು ಸಲ, ಮೇಡಂ."

"ನಾನು ಒಂದು ಸಲವೂ ನೋಡಿಲ್ಲ. ಅದು ಏಳುವಾಗಲೆಲ್ಲ ನಾನು ಒಳಗೆ ಬೆಲ್ಟ್ ಕಟ್ಟಿಕೊಂಡು ಬಾಗಿಲ ಹಿಡಿಕೆ ನೋಡುತ್ತ ಕೂತಿರುತ್ತಿದ್ದೆ. ಈಗ ಅವು ಯಾವುವೂ ಹಾರುವುದಿಲ್ಲ. ಹೇಗಿತ್ತು?"

ಇಂಗ್ಲಿಷಿನಲ್ಲಿ ಶುರು ಮಾಡಿದೆ. ಎರಡನೇ ವಾಕ್ಯಕ್ಕೆ ಪದ ಸಿಗಲಿಲ್ಲ. ಆಮೇಲೆ ಯಾವಾಗ ಕನ್ನಡಕ್ಕೆ ತಿರುಗಿದೆನೋ ನನಗೆ ಗೊತ್ತಿಲ್ಲ. ಮೆರಿಲ್ ನನ್ನ ಹಿಂದೆಯೇ ಇಂಗ್ಲಿಷಿನಲ್ಲಿ ಹೇಳುತ್ತ ಬಂದಳು.

ಮೊದಲು ಬರುವುದು ಶಬ್ದವಲ್ಲ ಎಂದೆ. ಮೊದಲು ನೆಲ. ಬೂಟಿನ ಅಡಿಯಿಂದ ನಡುಕ ಹತ್ತುತ್ತದೆ, ಮೊಣಕಾಲಿಗೆ, ಹೊಟ್ಟೆಗೆ. ನಮ್ಮ ನೀರಿನ ಬಕೆಟ್ಟಿನಲ್ಲಿ ಉಂಗುರಗಳು ಏಳುತ್ತವೆ. ರನ್‌ವೇಯ ಆ ತುದಿಯಲ್ಲಿ, ಝಳದೊಳಗೆ, ಬಿಳಿ ಗೆರೆಯೊಂದು ಅಲುಗುತ್ತದೆ. ಮೂಗು ತುಸು ತಗ್ಗಿಸಿಕೊಂಡಿರುತ್ತದೆ, ಕೊಕ್ಕರೆ ನೀರನ್ನು ನೋಡುವ ಹಾಗೆ. ಬೇರೆ ವಿಮಾನಗಳು ಓಡಿ ಓಡಿ ಮನಸ್ಸು ಮಾಡಿ ಏಳುತ್ತವೆ. ಇದಕ್ಕೆ ಮೊದಲೇ ತೀರ್ಮಾನವಾಗಿರುತ್ತದೆ. ನಮ್ಮ ಎದುರು ದಾಟುವವರೆಗೆ ಶಬ್ದ ತಾನಿಲ್ಲದ ಹಾಗೆ ಇರುತ್ತದೆ, ದಾಟಿದ ಮೇಲೆ ಅದು ಬಂದು ಎದೆಗೆ ಕೈಹಚ್ಚಿ ದೂಡುತ್ತದೆ. ಊರಿನ ಹಬ್ಬದಲ್ಲಿ ಗರ್ನಾಲು ಸಿಡಿದಾಗ ಎದೆಯೊಳಗೆ ಬಡಿಯುವುದಲ್ಲ, ಅದು ನಿಲ್ಲದೆ ಬಡಿದರೆ ಹೇಗೋ ಹಾಗೆ. ಹಿಂದೆ ನಾಲ್ಕು ಬೆಂಕಿ. ಮುಸ್ಸಂಜೆಯಾಗಿದ್ದರೆ ಆ ಬೆಂಕಿಯೊಳಗೆ ನೀಲಿ ಮಣಿಗಳು ಪೋಣಿಸಿದ ಹಾಗೆ ಕಾಣುತ್ತವೆ. ಎದ್ದು ತಿರುಗಿದಾಗ ಹೊಟ್ಟೆ ಕಾಣುತ್ತದೆ. ರೆಕ್ಕೆ ಬೇರೆ ಮೈ ಬೇರೆ ಅಲ್ಲ, ಎಲ್ಲ ಒಂದೇ, ಚಪ್ಪಟೆ ಮೈಯ ತೊರಕೆ ಮೀನಿನ ಹಾಗೆ.

ಮೆರಿಲ್ ಅಲ್ಲಿ ತಡೆದಳು. "ತೊರಕೆ" ಎಂದಳು, ಮೈಕಿನಲ್ಲಿ, ಕನ್ನಡದಲ್ಲೇ. ಆಮೇಲೆ, ಮಲಯ ಭಾಷೆಯಲ್ಲಿ, "ಇಕಾನ್ ಪಾರಿ!" ಇಡೀ ಸಭೆ ಹೋ ಎಂದಿತು. ಇಲ್ಲಿ ಬಾಳೆಲೆಯಲ್ಲಿ ಸುಟ್ಟ ತೊರಕೆ ತಿನ್ನದವರು ಯಾರಿದ್ದಾರೆ?

ಕೊನೆಗೆ ಹೇಳಿದೆ, ಅದು ಹೋದ ಮೇಲೂ ನಾವು ಕೆಲಸಕ್ಕೆ ತಿರುಗುವುದಿಲ್ಲ. ಹನ್ನೊಂದು ಜನ ಪೊರಕೆ ಹಿಡಿದುಕೊಂಡು ಒಂದೇ ಕಡೆ ನೋಡುತ್ತಿರುತ್ತೇವೆ. ವಾರ ವಾರವೂ ನೋಡುವವರು ನಾವು. ತಿಮ್ಮಪ್ಪಣ್ಣ ಪ್ರತಿ ಸಲವೂ ಟೋಪಿ ತೆಗೆಯುತ್ತಿದ್ದರು. ಒಳಗೆ ಕೂತವರಿಗೆ ತಮ್ಮ ಬೆನ್ನ ಹಿಂದೆ ಅಂಥದ್ದೊಂದು ನಡೆಯುತ್ತಿದೆ ಎಂದು ಗೊತ್ತಿರುತ್ತದೆಯೇ ಎಂದು ನಾನು ಯೋಚಿಸುತ್ತಿದ್ದೆ.

ರೋಸಿ ಚೀ ಕಣ್ಣು ಮುಚ್ಚಿ ಕೇಳುತ್ತಿದ್ದರು. ತೆರೆದಾಗ ಒದ್ದೆಯಾಗಿದ್ದವು.

"ಇಲ್ಲ, ನಮಗೆ ಗೊತ್ತಿರಲಿಲ್ಲ. ನಾವು ಟ್ರಾಲಿಯ ಬೀಗ ಬಿಚ್ಚುತ್ತಿದ್ದೆವು," ಎಂದರು.

ಹೊರಗೆ ಚಹಾ ಇಟ್ಟಿದ್ದರು. ಹುಡುಗ ಹುಡುಗಿಯರು ಒಬ್ಬೊಬ್ಬರೇ ಬಂದು ನನ್ನ ಬಲಗೈ ಕುಲುಕಿದರು. ಮುಟ್ಟಿದ ಕೈ ಅದೇ ತಾನೇ ಎಂದು ಕೇಳಿ ಕುಲುಕಿದವರೂ ಇದ್ದರು. ಶರಲ್ ಹತ್ತಿರ ಬಂದು ನನ್ನ ಕಾಲರ್ ಸರಿಮಾಡಿದಳು. ಕಾರಿನಲ್ಲಿ, "ಆ ಪ್ರಬಂಧ ಇದ್ರ ಬಗ್ಗೆ ಬರೀಬಹುದಿತ್ತು ಪಪ್ಪಾ" ಎಂದಳು.

24 ಸೆಪ್ಟೆಂಬರ್, ಮಂಗಳವಾರ

ಇವತ್ತು ರೋಸಿ ಚೀ ಫೋನ್ ಮಾಡಿದ್ದರು. ಶನಿವಾರ ಮೆಲಾಕಾಕ್ಕೆ ಊಟಕ್ಕೆ ಬರಬೇಕಂತೆ. ಅಂದು ಆಕಾಶದ ಬಗ್ಗೆ ಹೇಳಲಾಗದೆ ಹೋದದ್ದು ಅವರಿಗೆ ಕೊರಗಾಗಿದೆ. "ನೀವು ಅಷ್ಟು ಹೇಳಿದ್ದೀರಿ, ನಾನೂ ಪ್ರಯತ್ನ ಮಾಡಬೇಕು. ಎರಡು ಸಲ ನೋಡಿದ್ದೇನಲ್ಲ" ಎಂದರು. ಮೆರಿಲ್ ಗಾಡಿ ಓಡಿಸುತ್ತಾಳೆ. ಅವಳಿಗೆ ಕೇಳಲು ಒಂದು ಪಟ್ಟಿಯೇ ಇದೆ. ಸಂಜೆ ಬಂದು, ಕನ್ನಡದಲ್ಲಿ, "ನಾಳೆ ಇನ್ನೂ ಓದಿ" ಎಂದಳು, ಈ ಪುಸ್ತಕ ತೋರಿಸಿ.

ಮೋಲಿ, ನಾನು ಹಾರಿರಲಿಲ್ಲ. ಅಷ್ಟು ಮೇಲಿಂದ ಆಕಾಶ ಹೇಗಿರುತ್ತದೆ ಎಂದು ನೀನು ಕೇಳಿದಾಗ ನನಗೆ ಗೊತ್ತಿರಲಿಲ್ಲ. ಶನಿವಾರ, ಅದನ್ನು ಕಣ್ಣಾರೆ ನೋಡಿದವರನ್ನೇ ಸರಿಯಾಗಿ ಕೇಳಿಕೊಂಡು ಬರುತ್ತೇನೆ. ನಕ್ಷತ್ರ ಇತ್ತೇ ಎಂದೂ ಕೇಳುತ್ತೇನೆ.